ಲಾರ್ಡ್ ಮಾರ್ಟನ್ನರ ಕುದುರೆ ಮತ್ತು ಎಂಬತ್ತು ವರ್ಷ ಬಾಳಿದ ಊಹೆ

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ವಿಜ್ಞಾನ ಕೈಬಿಟ್ಟ ಒಂದು ಊಹೆಯನ್ನು. ಅದರ ಹೆಸರು ಟೆಲಿಗೊನಿ. ಹೆಸರು ಹೊಸದು ಅನ್ನಿಸಿದರೂ ವಿಷಯ ನಿಮ್ಮಲ್ಲಿ ಕೆಲವರ ಕಿವಿಗೆ ಬಿದ್ದಿರುತ್ತದೆ. ಒಂದು ಹೆಣ್ಣು ಪ್ರಾಣಿ ಮೊದಲು ಯಾವ ಗಂಡಿನಿಂದ ಗಬ್ಬ ಕಟ್ಟುತ್ತದೋ, ಆ ಗಂಡಿನ ಗುರುತು ಅದರ ಮೈಯಲ್ಲಿ ಉಳಿದುಬಿಡುತ್ತದೆ. ಆಮೇಲೆ ಬೇರೆ ಗಂಡಿನಿಂದ ಹುಟ್ಟುವ ಮರಿಗಳಲ್ಲೂ ಆ ಗುರುತು ಕಾಣಿಸಿಕೊಳ್ಳುತ್ತದೆ. ಊಹೆ ಇಷ್ಟೇ. ತಳಿನಾಯಿ ಸಾಕುವವರ ನಡುವೆ ಇವತ್ತಿಗೂ ಈ ಮಾತು ಓಡಾಡುತ್ತದೆ. 'ಒಂದು ಸಲ ಬೀದಿನಾಯಿ ಜೊತೆ ಕೂಡಿತು, ಇನ್ನು ಅದರ ಹೊಟ್ಟೆಯಲ್ಲಿ ಶುದ್ಧ ಮರಿ ಹುಟ್ಟಲ್ಲ' ಅನ್ನುತ್ತಾರೆ.

ಇದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಿದರೆ ನಮಗೆ ಏನೂ ತಿಳಿಯುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ನಂಬಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಇದ್ದರು, ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಇದ್ದರು. ಅವರು ಕಣ್ಣುಮುಚ್ಚಿ ನಂಬುವ ಜನ ಆಗಿರಲಿಲ್ಲ. ಅವರ ಮುಂದೆ ಒಂದು ಸಾಕ್ಷಿ ಇತ್ತು. ಆ ಸಾಕ್ಷಿ ಸುಳ್ಳೂ ಆಗಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ನನ್ನ ಮಾತು ಪೂರಾ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಕಥೆ ಶುರುವಾಗುವುದು ಕ್ವಾಗ ಎಂಬ ಪ್ರಾಣಿಯಿಂದ. ದಕ್ಷಿಣ ಆಫ್ರಿಕಾದ ಬಯಲುಗಳಲ್ಲಿ ಹಿಂಡುಹಿಂಡಾಗಿ ಇದ್ದ ಪ್ರಾಣಿ. ತಲೆ, ಕುತ್ತಿಗೆ, ಮುಂಭಾಗದಲ್ಲಿ ಜೀಬ್ರಾದ ಹಾಗೆ ಪಟ್ಟೆ. ಹಿಂದಕ್ಕೆ ಬಂದ ಹಾಗೆ ಪಟ್ಟೆ ಮಾಸಿ, ಬರೀ ಕಂದು ಬಣ್ಣ. ಬ್ರಿಟನ್ನಿನ ಶ್ರೀಮಂತ, ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯ ಲಾರ್ಡ್ ಮಾರ್ಟನ್ ಅವರಿಗೆ ಇದನ್ನು ಕುದುರೆಯ ಹಾಗೆ ಪಳಗಿಸಬೇಕು ಎಂಬ ಆಸೆ. ಗಂಡು ಕ್ವಾಗ ಸಿಕ್ಕಿತು. ಹೆಣ್ಣು ಸಿಗಲಿಲ್ಲ. ಹಾಗಾಗಿ ಅವರು ತಮ್ಮ ಒಂದು ಹೆಣ್ಣು ಕುದುರೆಯ ಜೊತೆ ಅದನ್ನು ಕೂಡಿಸಿದರು. ಕೆಂಗಂದು ಬಣ್ಣದ ಹರೆಯದ ಕುದುರೆ, ಎಂಟರಲ್ಲಿ ಏಳು ಪಾಲು ಅರಬ್ಬಿ ರಕ್ತ. ಅದಕ್ಕೆ ಮುಂಚೆ ಒಂದು ಸಲವೂ ಈದಿರಲಿಲ್ಲ. ಹುಟ್ಟಿದ್ದು ಒಂದು ಹೆಣ್ಣು ಮರಿ. ಮೈಕಟ್ಟು, ಬಣ್ಣ ನೋಡಿದರೆ ಮಿಶ್ರತಳಿ ಎಂಬುದು ಸ್ಪಷ್ಟ. ಇಲ್ಲಿಯವರೆಗೆ ವಿಶೇಷ ಏನೂ ಇಲ್ಲ.

ಆಮೇಲೆ ಮಾರ್ಟನ್ ಆ ಕುದುರೆಯನ್ನು ಸರ್ ಗೋರ್ ಔಸ್ಲಿ ಅವರಿಗೆ ಕೊಟ್ಟರು. ಈ ಔಸ್ಲಿ ನಮ್ಮ ದೇಶದಲ್ಲೂ ಇದ್ದವರೇ. ಲಖನೌದ ನವಾಬ ಸಾದತ್ ಅಲಿ ಖಾನ್ ಅವರ ಬಳಿ ಇದ್ದು, ಪಾರ್ಸಿ ಕಲಿತು, ಮುಂದೆ ಪರ್ಷಿಯಾಕ್ಕೆ ಬ್ರಿಟನ್ನಿನ ರಾಯಭಾರಿಯಾಗಿ ಹೋದರು. ಅವರು ಆ ಹೆಣ್ಣು ಕುದುರೆಯನ್ನು ಒಂದು ಒಳ್ಳೆಯ ಕಪ್ಪು ಅರಬ್ಬಿ ಗಂಡು ಕುದುರೆಗೆ ಕೂಡಿಸಿದರು. ಎರಡು ಮರಿ ಹುಟ್ಟಿದವು. ಹೆಣ್ಣು ಮರಿಗೆ ಎರಡು ವರ್ಷ, ಗಂಡು ಮರಿಗೆ ಒಂದು ವರ್ಷ ಆಗಿದ್ದಾಗ ಮಾರ್ಟನ್ ಹೋಗಿ ನೋಡಿದರು. ನೋಡಿ ಬೆರಗಾದರು. ಬೆನ್ನಿನುದ್ದಕ್ಕೂ ಕಪ್ಪು ಗೆರೆ. ಮೈಯ ಮುಂಭಾಗದಲ್ಲೂ ಕಾಲುಗಳ ಮೇಲೂ ಅಡ್ಡಪಟ್ಟೆ. ಹೆಣ್ಣು ಮರಿಯ ಕುತ್ತಿಗೆ ಕೂದಲು ಗಿಡ್ಡವಾಗಿ, ಗಡುಸಾಗಿ, ನೆಟ್ಟಗೆ ನಿಂತಿತ್ತು. ಅರಬ್ಬಿ ಕುದುರೆಯ ಕೂದಲು ಹಾಗಿರುವುದಿಲ್ಲ. ಕ್ವಾಗದ ಕೂದಲು ಹಾಗಿರುತ್ತದೆ.

ಮರಿಗಳ ಅಪ್ಪ ಕಪ್ಪು ಅರಬ್ಬಿ. ಅಮ್ಮ ಅರಬ್ಬಿ ರಕ್ತದ ಕುದುರೆ. ಹಾಗಾದರೆ ಪಟ್ಟೆ ಎಲ್ಲಿಂದ ಬಂತು? ಮಾರ್ಟನ್ನರಿಗೆ ಕಂಡ ಉತ್ತರ ಒಂದೇ: ಆ ಹಳೆಯ ಕ್ವಾಗದಿಂದ. ಅವರು ಇದನ್ನೆಲ್ಲ ರಾಯಲ್ ಸೊಸೈಟಿಯ ಅಧ್ಯಕ್ಷ ವಿಲಿಯಂ ಹೈಡ್ ವೊಲಾಸ್ಟನ್ ಅವರಿಗೆ ಕಾಗದದಲ್ಲಿ ಬರೆದರು. 1820ರ ನವೆಂಬರಿನಲ್ಲಿ ಅದನ್ನು ಸಭೆಯಲ್ಲಿ ಓದಲಾಯಿತು. 1821ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಜೊತೆಗೇ ಇನ್ನೊಂದು ವರದಿ: ಒಂದು ಹಂದಿ ಮೊದಲು ಕಾಡುಹಂದಿಯಿಂದ ಮರಿ ಹಾಕಿತು, ಆಮೇಲೆ ಊರುಹಂದಿಯಿಂದ ಹಾಕಿದ ಮರಿಗಳಲ್ಲೂ ಕಾಡುಹಂದಿಯ ಕಂದು ಬಣ್ಣ ಕಂಡಿತು ಎಂದು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಈ ಕುದುರೆಗಳ ಚಿತ್ರಗಳು ಇವತ್ತಿಗೂ ಇವೆ. ಪ್ರಾಣಿಗಳ ಚಿತ್ರ ಬರೆಯುವುದರಲ್ಲಿ ಹೆಸರುವಾಸಿಯಾಗಿದ್ದ ಸ್ವಿಸ್ ಕಲಾವಿದ ಜಾಕ್ ಲೊರಾ ಅಗಾಸ್ ಅವರಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಈ ಇಡೀ ಸಂಸಾರವನ್ನು ಬರೆಸಿತು. ಕ್ವಾಗ, ಹೆಣ್ಣು ಕುದುರೆ, ಮಿಶ್ರತಳಿ ಮರಿ, ಕಪ್ಪು ಅರಬ್ಬಿ, ಆಮೇಲಿನ ಮರಿಗಳು. ಮರಿಗಳ ಮೈಮೇಲಿನ ಪಟ್ಟೆ ಚಿತ್ರದಲ್ಲೂ ಕಾಣುತ್ತದೆ. ನಾನು ಇದನ್ನು ಹೇಳುವುದು ಯಾಕೆಂದರೆ, ಮಾರ್ಟನ್ ಕಥೆ ಕಟ್ಟಿದರು ಎಂದು ಯಾರೂ ಅಂದುಕೊಳ್ಳಬಾರದು. ಪಟ್ಟೆ ಇದ್ದದ್ದು ನಿಜ. ಅವರು ಕಂಡದ್ದನ್ನೇ ಬರೆದರು. ಕೂದಲಿನ ವಿಷಯದಲ್ಲಂತೂ ಅವರು ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದಾರೆ ಅಂದರೆ, ಅದು ಯಾವಾಗಲೂ ನೆಟ್ಟಗೇ ಇತ್ತು, ಕತ್ತರಿಸಿದ್ದಲ್ಲ ಎಂಬುದು ಕುದುರೆ ನೋಡಿಕೊಳ್ಳುವ ಆಳು ಹೇಳಿದ ಮಾತು ಎಂದು ಬಿಡಿಸಿ ಹೇಳಿದ್ದಾರೆ.

ಈಗ ಡಾರ್ವಿನ್ ಕಡೆಗೆ ಬರೋಣ. 1868ರಲ್ಲಿ ಅವರು ಸಾಕುಪ್ರಾಣಿ, ಬೆಳೆಗಳ ವೈವಿಧ್ಯದ ಬಗ್ಗೆ ಎರಡು ಸಂಪುಟಗಳ ದೊಡ್ಡ ಪುಸ್ತಕ ತಂದರು. ಅದರಲ್ಲಿ ಮಾರ್ಟನ್ನರ ಕುದುರೆಗೆ ಒಳ್ಳೆಯ ಜಾಗ ಸಿಕ್ಕಿತು. ಕ್ವಾಗದ ಪ್ರಭಾವ ಆಮೇಲಿನ ಮರಿಗಳ ಮೇಲೆ ಆಗಿದೆ, ಅನುಮಾನವೇ ಇಲ್ಲ ಎಂಬ ಧಾಟಿಯಲ್ಲಿ ಬರೆದರು. ಅವರು ಹಾಗೆ ನಂಬಲು ಒಂದು ಕಾರಣ ಗಿಡಗಳಲ್ಲಿತ್ತು. ನಿಮ್ಮಲ್ಲಿ ಮೆಕ್ಕೆಜೋಳ ಬೆಳೆಯುವವರು ಇದನ್ನು ನೋಡಿರುತ್ತೀರಿ. ಬಿಳಿ ಜೋಳದ ಹೊಲದ ಪಕ್ಕದಲ್ಲಿ ಹಳದಿ ಜೋಳದ ಹೊಲ ಇದ್ದರೆ, ಬಿಳಿ ತೆನೆಯ ನಡುನಡುವೆ ಹಳದಿ ಕಾಳು ಬರುತ್ತವೆ. ಅದೇ ವರ್ಷ, ಅದೇ ತೆನೆಯಲ್ಲಿ. ಪರಾಗ ತಾಯಿಗಿಡದ ಮೈಯನ್ನೇ ಬದಲಾಯಿಸಿದಂತೆ ಕಾಣುತ್ತದೆ, ಅಲ್ವಾ? ಇಂಥ ಎಷ್ಟೋ ಉದಾಹರಣೆಗಳನ್ನು ಡಾರ್ವಿನ್ ಒಟ್ಟುಹಾಕಿದ್ದರು. ಗಿಡದಲ್ಲಿ ಗಂಡಿನ ಅಂಶ ತಾಯಿಯ ಮೈಮೇಲೆ ಕೆಲಸ ಮಾಡುವುದಾದರೆ ಕುದುರೆಯಲ್ಲಿ ಯಾಕೆ ಮಾಡಬಾರದು?

ಜೋಳದ ಕಾಳಿನ ಗುಟ್ಟು ಬಿಚ್ಚಿಕೊಂಡದ್ದು ಡಾರ್ವಿನ್ ತೀರಿಕೊಂಡು ಹದಿನಾರು ವರ್ಷ ಆದ ಮೇಲೆ. 1898ರಲ್ಲಿ ಸೆರ್ಗೈ ನವಾಷಿನ್ ಎಂಬ ವಿಜ್ಞಾನಿ ಹೂಬಿಡುವ ಗಿಡಗಳಲ್ಲಿ ಎರಡೆರಡು ಕೂಡಿಕೆ ನಡೆಯುತ್ತದೆ ಎಂದು ತೋರಿಸಿದರು. ಒಂದರಿಂದ ಮೊಳಕೆ ಆಗುವ ಭ್ರೂಣ. ಇನ್ನೊಂದರಿಂದ ಕಾಳಿನೊಳಗಿನ ಹಿಟ್ಟಿನ ಭಾಗ. ನಾವು ನೋಡುವ ಹಳದಿ ಬಣ್ಣ ಆ ಹಿಟ್ಟಿನ ಭಾಗದ್ದು. ಅದು ತಾಯಿಯ ಮೈ ಅಲ್ಲವೇ ಅಲ್ಲ. ಅದಕ್ಕೂ ಒಬ್ಬ ಅಪ್ಪ ಇದ್ದಾನೆ. ಡಾರ್ವಿನ್ನರ ಕಾಲಕ್ಕೆ ಇದು ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಕಾರಣ ಅವರದೇ ಪ್ಯಾನ್‌ಜೆನೆಸಿಸ್ ಸಿದ್ಧಾಂತ. ಮೈಯ ಪ್ರತಿ ಭಾಗವೂ ಕಣ್ಣಿಗೆ ಕಾಣದ ಸಣ್ಣ ಕಣಗಳನ್ನು ಉದುರಿಸುತ್ತದೆ, ಅವು ಮೈಯೆಲ್ಲ ಓಡಾಡಿ ಕೊನೆಗೆ ಬೀಜಕೋಶಗಳಲ್ಲಿ, ಅಂದರೆ ಅಂಡ, ವೀರ್ಯಾಣುಗಳಲ್ಲಿ ಸೇರುತ್ತವೆ, ಹಾಗೆ ಮಗುವಿಗೆ ಹೋಗುತ್ತವೆ ಎಂದು ಡಾರ್ವಿನ್ ಊಹಿಸಿದ್ದರು. ಆ ಕಣಗಳಿಗೆ ಜೆಮ್ಯೂಲ್ ಎಂದು ಹೆಸರಿಟ್ಟರು. ಈ ಲೆಕ್ಕದಲ್ಲಿ ಟೆಲಿಗೊನಿ ಬಹಳ ಸಲೀಸು. ಕ್ವಾಗದ ಕಣಗಳು ಹೆಣ್ಣು ಕುದುರೆಯ ಒಳಗೆ ಉಳಿದವು, ಇನ್ನೂ ಬಲಿಯದ ಅಂಡಗಳನ್ನು ಮುಟ್ಟಿದವು, ಮುಂದಿನ ಮರಿಗಳಲ್ಲಿ ಪಟ್ಟೆಯಾಗಿ ಕಂಡವು. ಮುಗಿಯಿತು. 1871ರಲ್ಲಿ ಅವರ ನೆಂಟರೇ ಆದ ಫ್ರಾನ್ಸಿಸ್ ಗಾಲ್ಟನ್ ಬೇರೆ ತಳಿಯ ಮೊಲಗಳ ರಕ್ತವನ್ನು ಬೂದು ಮೊಲಗಳಿಗೆ ಹಾಕಿ, ಮರಿಗಳ ಬಣ್ಣ ಬದಲಾಗುತ್ತದೆಯೇ ಎಂದು ನೋಡಿದರು. ಬದಲಾಗಲಿಲ್ಲ. 'ಕಣಗಳು ರಕ್ತದಲ್ಲೇ ಓಡಾಡುತ್ತವೆ ಎಂದು ನಾನು ಹೇಳಿಲ್ಲವಲ್ಲ' ಎಂದು ಡಾರ್ವಿನ್ ಉತ್ತರ ಕೊಟ್ಟರು. ಪ್ಯಾನ್‌ಜೆನೆಸಿಸ್‌ದು ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟು ಕಥೆ. ಇವತ್ತಿಗೆ ಇಷ್ಟು ಸಾಕು.

ನನಗೆ ಡಾರ್ವಿನ್ನರ ವಿಷಯದಲ್ಲಿ ಜಾಸ್ತಿ ಕಾಡುವುದು ಬೇರೆ. ಪಟ್ಟೆಯ ನಿಜವಾದ ಉತ್ತರ ಅವರ ಕೈಯಲ್ಲೇ ಇತ್ತು. 1859ರ ಅವರ ಪುಸ್ತಕವನ್ನೇ ತೆಗೆದು ನೋಡಿ, ಜೀವಿಗಳ ಉಗಮದ ಬಗ್ಗೆ ಬರೆದದ್ದು. ಅದರಲ್ಲಿ ಕುದುರೆಗಳ ಮೈಮೇಲಿನ ಪಟ್ಟೆಗಳ ಬಗ್ಗೆ ಉದ್ದಕ್ಕೆ ಬರೆದಿದ್ದಾರೆ. ಅಲ್ಲಿ ನಮ್ಮ ಗುಜರಾತಿನ ಕಾಠಿಯಾವಾಡದ ಕುದುರೆ ಬರುತ್ತದೆ! ಭಾರತ ಸರ್ಕಾರಕ್ಕಾಗಿ ಆ ತಳಿಯನ್ನು ಪರೀಕ್ಷೆ ಮಾಡಿದ್ದ ಕರ್ನಲ್ ಪೂಲ್ ಎಂಬವರು ಡಾರ್ವಿನ್ನರಿಗೆ ತಿಳಿಸಿದ್ದರು: ಕಾಠಿಯಾವಾಡಿ ಕುದುರೆಗಳಲ್ಲಿ ಪಟ್ಟೆ ಎಷ್ಟು ಸಾಮಾನ್ಯ ಅಂದರೆ, ಪಟ್ಟೆ ಇಲ್ಲದ್ದನ್ನು ಅಲ್ಲಿನವರು ಶುದ್ಧ ತಳಿ ಎಂದೇ ಒಪ್ಪುವುದಿಲ್ಲ. ಬೆನ್ನಿನ ಮೇಲೆ ಗೆರೆ ಇರುತ್ತದೆ, ಕಾಲಿನ ಮೇಲೆ ಪಟ್ಟೆ ಇರುತ್ತದೆ. ಮರಿಗಳಲ್ಲಿ ತುಂಬಾ ಸ್ಪಷ್ಟ, ವಯಸ್ಸಾದ ಮೇಲೆ ಎಷ್ಟೋ ಸಲ ಮಾಸಿಯೇ ಹೋಗುತ್ತದೆ. ಇದನ್ನೆಲ್ಲ ಬರೆದು ಡಾರ್ವಿನ್ ಹೇಳಿದ್ದೇನು? ಕುದುರೆ, ಕತ್ತೆ, ಜೀಬ್ರಾ, ಕ್ವಾಗ ಎಲ್ಲಕ್ಕೂ ಪಟ್ಟೆ ಇದ್ದ ಒಬ್ಬನೇ ಪೂರ್ವಜ ಇದ್ದ, ಹಾಗಾಗಿ ಕುದುರೆಗಳಲ್ಲಿ ಆಗಾಗ ಆ ಹಳೆಯ ಪಟ್ಟೆ ಮರಳಿ ಬರುತ್ತದೆ.

ಮಾರ್ಟನ್ ನೋಡಿದ ಮರಿಗಳ ವಯಸ್ಸು ಒಂದು, ಎರಡು ವರ್ಷ. ಅವರು ಕಂಡದ್ದು ಬೆನ್ನಿನ ಗೆರೆ, ಕಾಲಿನ ಪಟ್ಟೆ. ಕಾಠಿಯಾವಾಡದಲ್ಲಿ ಇದೇ ಪಟ್ಟೆ ಬರಲು ಯಾವ ಕ್ವಾಗವೂ ಬೇಕಿರಲಿಲ್ಲ. ಡಾರ್ವಿನ್ ಅದೇ ಚರ್ಚೆಯಲ್ಲಿ ಮಾರ್ಟನ್ನರ ಕುದುರೆಯನ್ನೂ ಹೆಸರಿಸುತ್ತಾರೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ಆದರೂ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಕ್ವಾಗದ ಮುಖವನ್ನೇ ಕಾಣದ ಹೆಣ್ಣು ಕುದುರೆಯನ್ನು ಅದೇ ಕಪ್ಪು ಅರಬ್ಬಿಗೆ ಕೂಡಿಸಿದ್ದರೆ ಮರಿಗೆ ಪಟ್ಟೆ ಬರುತ್ತಿತ್ತೋ ಇಲ್ಲವೋ?

ಈ ಪ್ರಶ್ನೆ ಕೇಳಲು ಸುಮಾರು ಎಂಬತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಊಹೆ ಸಾಕಷ್ಟು ಬೇರು ಬಿಟ್ಟಿತ್ತು. ಕುದುರೆ, ನಾಯಿ, ದನದ ತಳಿ ಬೆಳೆಸುವವರು ಇದನ್ನು ನಿಯಮವೆಂದೇ ಪಾಲಿಸುತ್ತಿದ್ದರು. ಬೆಲೆಬಾಳುವ ಹೆಣ್ಣು ನಾಯಿ ಒಂದು ಸಲ ತಪ್ಪಿಸಿಕೊಂಡು ಹೋಗಿ ಬೇರೆ ತಳಿಗೆ ಕೂಡಿದರೆ ಅದರ ಬೆಲೆ ಬಿದ್ದುಹೋಗುತ್ತಿತ್ತು. 1893ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಇದನ್ನು ಒಂದು ದೊಡ್ಡ ಜಗಳಕ್ಕೆ ಆಯುಧ ಮಾಡಿಕೊಂಡರು. ಜರ್ಮನಿಯ ಆಗಸ್ಟ್ ವೈಸ್‌ಮನ್ ಆಗ ಹೊಸ ಮಾತು ಹೇಳುತ್ತಿದ್ದರು: ಮುಂದಿನ ಪೀಳಿಗೆಗೆ ಹೋಗುವ ವಸ್ತು ಬೀಜಕೋಶಗಳಲ್ಲಿ ಬೇರೆಯಾಗಿಯೇ ಇರುತ್ತದೆ, ಮೈಗೆ ಏನಾದರೂ ಅದಕ್ಕೆ ತಟ್ಟುವುದಿಲ್ಲ. ಟೆಲಿಗೊನಿ ಎಂಬ ಹೆಸರು ಕೊಟ್ಟವರೂ ಅವರೇ, ಆದರೆ ಅದು ನಡೆಯುತ್ತದೆ ಎಂದು ಅವರಿಗೆ ನಂಬಿಕೆ ಇರಲಿಲ್ಲ. ಸ್ಪೆನ್ಸರ್ ಎದ್ದು ನಿಂತರು. ಟೆಲಿಗೊನಿ ನಿಜವಾದರೆ ವೈಸ್‌ಮನ್ ಸಿದ್ಧಾಂತ ಬಿದ್ದುಹೋಗುತ್ತದೆ ಎಂದರು. ತರ್ಕ ಸರಿಯಾಗಿಯೇ ಇತ್ತು. ಸಾಕ್ಷಿಗೆ ಅವರು ಕೈಹಾಕಿದ್ದು ಮಾತ್ರ ಎಲ್ಲಿಗೆ ಗೊತ್ತೇ? ಕುದುರೆ, ಹಂದಿ ಆದ ಮೇಲೆ ಅಮೆರಿಕದ ಮನುಷ್ಯರಿಗೆ. ಕಪ್ಪು ಗಂಡಸಿನಿಂದ ಮಗು ಪಡೆದ ಬಿಳಿ ಹೆಂಗಸು ಆಮೇಲೆ ಬಿಳಿ ಗಂಡನಿಂದ ಪಡೆದ ಮಕ್ಕಳಲ್ಲೂ ಕಪ್ಪು ಜನರ ಲಕ್ಷಣ ಕಾಣುತ್ತದಂತೆ. ಅಂತೆಕಂತೆ. ಒಂದು ಮಗುವನ್ನೂ ಯಾರೂ ಅಳೆದು, ಹೋಲಿಸಿ ನೋಡಿರಲಿಲ್ಲ.

ಇನ್ನು ಎಡಿನ್‌ಬರ್ಗಿಗೆ ಹೋಗೋಣ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೊಸ್ಸರ್ ಎವರ್ಟ್ ಎಂಬ ಪ್ರಾಣಿಶಾಸ್ತ್ರದ ಪ್ರೊಫೆಸರ್ ಇದ್ದರು. ಅವರ ಹುಟ್ಟೂರು ಪೆನಿಕ್ವಿಕ್, ಎಡಿನ್‌ಬರ್ಗಿನ ಹತ್ತಿರದ ಸಣ್ಣ ಊರು. 1890ರ ದಶಕದಲ್ಲಿ ಅವರು ಅಲ್ಲಿ ತಮ್ಮ ಜಾಗದಲ್ಲೇ ಪ್ರಾಣಿಗಳನ್ನು ಕಟ್ಟಿ ಸಾಕಿ, ಮಾರ್ಟನ್ನರ ಕಥೆಯನ್ನು ಮೊದಲಿಂದ ಮತ್ತೆ ಮಾಡಿ ನೋಡಲು ನಿಂತರು. ನನಗೆ ಇಡೀ ಕಥೆಯಲ್ಲಿ ಇವರ ಮೇಲೆ ಬಹಳ ಗೌರವ. ಅಷ್ಟು ವರ್ಷ ದೊಡ್ಡದೊಡ್ಡವರು ಬರೆಯುತ್ತಾ, ವಾದಿಸುತ್ತಾ ಕಳೆದರು. ಇವರು ಲಾಯ ಕಟ್ಟಿದರು.

ಮೊದಲ ತೊಡಕು: ಕ್ವಾಗ ಆ ಹೊತ್ತಿಗೆ ಭೂಮಿಯ ಮೇಲೇ ಇರಲಿಲ್ಲ. ಮಾಂಸಕ್ಕೂ ಚರ್ಮಕ್ಕೂ ಅವನ್ನು ಬೇಟೆಯಾಡಿ ಮುಗಿಸಿದ್ದರು. ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತ್ತು. ಹಾಗಾಗಿ ಎವರ್ಟ್ ಒಂದು ಗಂಡು ಜೀಬ್ರಾ ತಂದರು. ಬರ್ಚೆಲ್ ಜೀಬ್ರಾ. ಮಟೊಪೊ ಎಂದು ಹೆಸರು. ಕ್ವಾಗದ ಬದಲು ಜೀಬ್ರಾ ತಂದರೆ ಪ್ರಯೋಗ ಸರಿಹೋಗುತ್ತದೆಯೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಬಂದದ್ದು ಬಹಳ ತಡವಾಗಿ. 1984ರಲ್ಲಿ ಮ್ಯೂಸಿಯಂನಲ್ಲಿ ಉಳಿದಿದ್ದ ಕ್ವಾಗದ ತೊಗಲಿಗೆ ಅಂಟಿದ್ದ ಒಣ ಮಾಂಸದಿಂದ ಡಿಎನ್‌ಎ ತೆಗೆದರು. ಅಳಿದುಹೋದ ಪ್ರಾಣಿಯೊಂದರ ಡಿಎನ್‌ಎ ಓದಿದ್ದು ಅದೇ ಮೊದಲು. ಆಮೇಲಿನ ಅಧ್ಯಯನಗಳು ಕ್ವಾಗ ಬಯಲು ಜೀಬ್ರಾದ್ದೇ ಒಂದು ಉಪಜಾತಿ ಎಂದು ಖಚಿತ ಮಾಡಿದವು. ಬರ್ಚೆಲ್ ಜೀಬ್ರಾ ಕೂಡ ಬಯಲು ಜೀಬ್ರಾವೇ. ಅಂದರೆ ಎವರ್ಟ್ ಬದಲಿಗೆ ತಂದ ಪ್ರಾಣಿ ಕ್ವಾಗದ ಸ್ವಂತ ಜಾತಿಯದೇ ಆಗಿತ್ತು.

ಮಟೊಪೊವನ್ನು ಹಲವು ತಳಿಯ ಹೆಣ್ಣು ಕುದುರೆಗಳಿಗೆ ಕೂಡಿಸಿದರು. ಮೊದಲ ಮರಿ 1896ರ ಆಗಸ್ಟಿನಲ್ಲಿ ಹುಟ್ಟಿತು. ತಾಯಿ ಸ್ಕಾಟ್ಲೆಂಡಿನ ಪಶ್ಚಿಮ ಗುಡ್ಡಗಾಡಿನ ಕಪ್ಪು ಪೋನಿ, ಅಂದರೆ ಗಿಡ್ಡ ತಳಿಯ ಕುದುರೆ. ಮರಿಗೆ ರೊಮುಲಸ್ ಎಂದು ಹೆಸರಿಟ್ಟರು. ಮೈತುಂಬಾ ಪಟ್ಟೆ. ಮುಂದಿನ ವರ್ಷ ಅದೇ ಪೋನಿಯನ್ನು ಬೆನಜ್ರೆಕ್ ಎಂಬ ಬೂದು ಅರಬ್ಬಿ ಗಂಡು ಕುದುರೆಗೆ ಕೂಡಿಸಿದರು. ಮಾರ್ಟನ್ನರ ಕಥೆಯಲ್ಲಿ ಹೇಗೋ ಹಾಗೇ. ಅದರಿಂದ ಮರಿ ಹುಟ್ಟಿತು. ನೋಡಿದರೆ ಆ ಮರಿಗೂ ತೆಳುವಾಗಿ ಪಟ್ಟೆ ಕಂಡವು!

ಇಲ್ಲೇ ನಿಂತಿದ್ದರೆ ಟೆಲಿಗೊನಿ ಗೆದ್ದುಬಿಡುತ್ತಿತ್ತು. ಪ್ರೊಫೆಸರ್ ಒಬ್ಬರ ಸಾಕ್ಷಿಯೂ ಸೇರಿ ಇನ್ನೂ ನೂರು ವರ್ಷ ಬಾಳುತ್ತಿತ್ತು. ಎವರ್ಟ್ ಅಲ್ಲಿ ನಿಲ್ಲಲಿಲ್ಲ. ಜೀಬ್ರಾದ ಹತ್ತಿರವೂ ಸುಳಿಯದ ಅದೇ ತಳಿಯ ಬೇರೆ ಹೆಣ್ಣು ಪೋನಿಗಳನ್ನು ಅದೇ ಬೆನಜ್ರೆಕ್‌ಗೆ ಕೂಡಿಸಿದರು. ಆ ಮರಿಗಳಲ್ಲೂ ಪಟ್ಟೆ ಬಂದವು. ಜೀಬ್ರಾ ಇದ್ದರೂ ಪಟ್ಟೆ, ಇಲ್ಲದಿದ್ದರೂ ಪಟ್ಟೆ. ಹಾಗಾದರೆ ಪಟ್ಟೆಗೆ ಜೀಬ್ರಾ ಕಾರಣ ಎಂದು ಹೇಳುವುದು ಹೇಗೆ? ಕುದುರೆಗಳ ಹೊರತಾಗಿ ಬೇರೆ ಪ್ರಾಣಿಗಳಲ್ಲೂ ಅವರು ಹುಡುಕಿದರು. ಎಲ್ಲೂ ಟೆಲಿಗೊನಿಗೆ ಆಧಾರ ಸಿಗಲಿಲ್ಲ. 1899ರಲ್ಲಿ ಇದೆಲ್ಲವನ್ನೂ ಪುಸ್ತಕ ಮಾಡಿದರು. 'ಟೆಲಿಗೊನಿ ಎಂದೂ ಎಲ್ಲೂ ಆಗುವುದೇ ಇಲ್ಲ' ಎಂದು ಎವರ್ಟ್ ಡಂಗುರ ಹೊಡೆಯಲಿಲ್ಲ. ತಾನು ಹುಡುಕಿದ ಕಡೆ ಸಿಗಲಿಲ್ಲ, ಪಟ್ಟೆಗೆ ಹಳೆಯ ಪೂರ್ವಜರ ಲಕ್ಷಣ ಮರಳುವುದೇ ಸಾಕಾದ ಕಾರಣ ಎಂದರು.

ಒಂದು ಸಣ್ಣ ಅಡ್ಡಮಾತು. ಪೆನಿಕ್ವಿಕ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ರಾಸ್ಲಿನ್ ಇದೆ. ರೊಮುಲಸ್ ಹುಟ್ಟಿ ನೂರು ವರ್ಷಕ್ಕೆ, 1996ರಲ್ಲಿ, ಬೆಳೆದ ಕುರಿಯ ಜೀವಕೋಶದಿಂದ ಮಾಡಿದ ತದ್ರೂಪಿ, ಡಾಲಿ ಎಂಬ ಕುರಿ ಹುಟ್ಟಿದ್ದು ಅಲ್ಲೇ. ಅನುವಂಶಿಕತೆಯ ಎರಡು ದೊಡ್ಡ ಪ್ರಯೋಗಗಳು ಒಂದೇ ಸೀಮೆಯ ಹುಲ್ಲು ಮೇಯ್ದ ಪ್ರಾಣಿಗಳಿಂದ ಆದವು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ಜೀಬ್ರಾ ತರದೆಯೂ ಇದನ್ನು ಪರೀಕ್ಷೆ ಮಾಡಬಹುದಿತ್ತು. ಹೇಸರಗತ್ತೆಯನ್ನೇ ನೋಡಿ. ಗಂಡು ಕತ್ತೆಗೆ ಹೆಣ್ಣು ಕುದುರೆಯನ್ನು ಕೂಡಿಸಿ ಹೇಸರಗತ್ತೆ ಪಡೆಯುವುದು ಎಷ್ಟು ಹಳೆಯ ಕಸುಬು! ಹೇಸರಗತ್ತೆ ಹಾಕಿದ ಕುದುರೆಗಳು ಆಮೇಲೆ ಕುದುರೆ ಮರಿಗಳನ್ನೂ ಹಾಕುತ್ತವೆ. ಆ ಮರಿಗಳಿಗೆ ಉದ್ದ ಕಿವಿ ಬರಬೇಕಿತ್ತಲ್ಲ? ಬರುವುದಿಲ್ಲ.

ಮನುಷ್ಯರ ವಿಷಯದಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಒಂದು ಜಾಣ ದಾರಿ ಹುಡುಕಿದರು. 1896ರ ಮಾತು. ಗಂಡನ ಗುರುತು ಹೆಂಡತಿಯ ಮೈಯಲ್ಲಿ ಉಳಿಯುವುದು ನಿಜವಾದರೆ, ಒಂದೊಂದು ಬಸಿರಿಗೂ ಅದು ಕೂಡುತ್ತಾ ಹೋಗಬೇಕು. ಹಾಗಾದರೆ ಒಂದೇ ತಂದೆತಾಯಿಯ ಮಕ್ಕಳಲ್ಲಿ ಹಿರಿಯರಿಗಿಂತ ಕಿರಿಯರು ಅಪ್ಪನನ್ನು ಜಾಸ್ತಿ ಹೋಲಬೇಕು. ಅಳೆದು ನೋಡಿದರೆ ಗೊತ್ತಾಗುತ್ತದೆ. ಕುಟುಂಬಗಳ ಎತ್ತರದ ಲೆಕ್ಕ ಹಿಡಿದು ಅವರು ನೋಡಿದರು. ಅಂಥ ಹೋಲಿಕೆ ಕಾಣಲಿಲ್ಲ. ಎರಡನೇ ಗಂಡ, ಮೊದಲನೇ ಗಂಡ ಎಂದು ಯಾರ ಸಂಸಾರವನ್ನೂ ಕೆದಕದೆ ಪ್ರಶ್ನೆಗೆ ಉತ್ತರ ಪಡೆದ ರೀತಿ ಇದು.

ಇದಾದ ಮರುವರ್ಷಗಳಲ್ಲೇ, 1900ರಲ್ಲಿ, ತಂದೆತಾಯಿಯ ಗುಣ ಮರಿಗಳಿಗೆ ಹೋಗುವ ನಿಯಮಗಳ ಬಗ್ಗೆ ಮೆಂಡೆಲ್ ಮಾಡಿದ್ದ ಕೆಲಸ ಮತ್ತೆ ಬೆಳಕಿಗೆ ಬಂತು. ಅಲ್ಲಿಂದ ಮುಂದೆ ವಿಜ್ಞಾನಿಗಳಿಗೆ ಟೆಲಿಗೊನಿ ಬೇಕಾಗಲಿಲ್ಲ. ಆದರೆ ಬೇರೆಯವರಿಗೆ ಬೇಕಾಗಿತ್ತು. ಈ ಭಾಗವನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 1917ರಲ್ಲಿ ಆರ್ಟುರ್ ಡಿಂಟರ್ ಎಂಬಾತ ಜರ್ಮನ್ ಭಾಷೆಯಲ್ಲಿ ಒಂದು ಕಾದಂಬರಿ ಬರೆದ. ಅದರಲ್ಲಿ ಒಬ್ಬ ಜರ್ಮನ್ ಹೆಣ್ಣುಮಗಳು ಹಿಂದೆ ಯಹೂದಿ ಗಂಡಸಿನ ಜೊತೆ ಇದ್ದಳು ಎಂಬ ಕಾರಣಕ್ಕೆ, ಆಮೇಲೆ ಜರ್ಮನ್ ಗಂಡನಿಂದ ಹುಟ್ಟಿದ ಮಗುವೂ ಯಹೂದಿಯಂತೆ ಕಾಣುತ್ತದೆ. ಮಾರ್ಟನ್ನರ ಕುದುರೆಯ ಕಥೆಯನ್ನೇ ತಂದು ಮನುಷ್ಯರ ಮೇಲೆ ಹೊರಿಸಿದ ದ್ವೇಷದ ಪುಸ್ತಕ. ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ನಾಜಿ ಪಕ್ಷದ ಯೂಲಿಯಸ್ ಸ್ಟ್ರೈಶರ್ 1935ರಲ್ಲೂ ಇದನ್ನೇ ಸಾರುತ್ತಿದ್ದ: ಒಂದೇ ಒಂದು ಸಲ ಕೂಡಿದರೆ ಸಾಕು, ಹೆಣ್ಣಿನ ರಕ್ತ ಶಾಶ್ವತವಾಗಿ ವಿಷವಾಗುತ್ತದೆ ಎಂದು. ಎವರ್ಟ್ ಪುಸ್ತಕ ಬಂದು ಆಗಲೇ ಮೂವತ್ತಾರು ವರ್ಷ ಆಗಿತ್ತು. ನಮ್ಮ ಕಾಲದಲ್ಲಿ ರಷ್ಯಾದಲ್ಲಿ ಹೆಣ್ಣುಮಕ್ಕಳ ಶೀಲದ ಬಗ್ಗೆ ಉಪದೇಶ ಮಾಡುವವರು ಮತ್ತೆ ಇದನ್ನು ವಿಜ್ಞಾನ ಎಂದು ಹೇಳಿಕೊಂಡು ಓಡಾಡಿಸಿದ್ದಾರೆ.

ಒಂದು ನಿಮಿಷ ಯೋಚಿಸಿ. ಈ ಊಹೆಯಲ್ಲಿ ಕೆಡುವುದು ಯಾವಾಗಲೂ ಹೆಣ್ಣು. ಅದೇ ಕ್ವಾಗ ಆಮೇಲೆ ಬೇರೆ ಹೆಣ್ಣಿಗೆ ಕೂಡಿದರೆ ಅದರ ಮರಿಗಳಲ್ಲಿ ಹಳೆಯ ಹೆಣ್ಣು ಕುದುರೆಯ ಗುರುತು ಕಾಣುತ್ತದೆಯೇ ಎಂದು ಕೇಳಿದವರು ಬಹಳ ಕಡಿಮೆ. ಬೀಜದ ಕುದುರೆ ನೂರು ಕಡೆ ಹೋಗಿ ಬಂದರೂ ಅದರ ಬೆಲೆ ಬೀಳಲಿಲ್ಲ. ಸಾಕ್ಷಿ ಅಷ್ಟು ತೆಳುವಾಗಿದ್ದರೂ ಊಹೆ ಅಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗಟ್ಟಿ ಅಭಿಪ್ರಾಯ. ಜನ ಮೊದಲೇ ನಂಬಲು ಸಿದ್ಧರಾಗಿದ್ದರು. ಕುದುರೆ ಒಂದು ನೆಪ ಒದಗಿಸಿತು.

ಸರಿ, ಇವತ್ತಿನ ವಿಜ್ಞಾನ ಆ ಪಟ್ಟೆಯ ಬಗ್ಗೆ ಏನು ಹೇಳುತ್ತದೆ? 2016ರಲ್ಲಿ ಸ್ವೀಡನ್ನಿನ ಮತ್ತು ಅಮೆರಿಕದ ಸಂಶೋಧಕರು ಸೇರಿ ಕುದುರೆಯ ಬಣ್ಣಕ್ಕೆ ಸಂಬಂಧಿಸಿದ ಟಿಬಿಎಕ್ಸ್3 ಎಂಬ ಜೀನನ್ನು ಬಿಡಿಸಿ ತೋರಿಸಿದರು. ಕಾಡುಕುದುರೆಯ ಮೂಲ ಬಣ್ಣ ಮಣ್ಣು ಮಾಸಲು, ಬೆನ್ನಿನ ಮೇಲೆ ಕಪ್ಪು ಗೆರೆ. ಆ ಮಾಸಲು ಬರುವ ಬಗೆ ಚೆಂದವಾಗಿದೆ: ಈ ಜೀನ್ ಕೆಲಸ ಮಾಡುವ ಕಡೆ ಒಂದೊಂದು ಕೂದಲಿನಲ್ಲೂ ಬಣ್ಣ ಒಂದೇ ಮಗ್ಗುಲಿಗೆ ಸೇರುತ್ತದೆ, ಹಾಗಾಗಿ ಮೈ ತಿಳಿಯಾಗಿ ಕಾಣುತ್ತದೆ. ಗೆರೆ ಇರುವ ಕಡೆ ಕೂದಲಿನ ಸುತ್ತಲೂ ಬಣ್ಣ ತುಂಬುತ್ತದೆ. ಈ ಜೀನಿಗೆ ಮೂರು ರೂಪಗಳಿವೆ. ಒಂದು ಮಾಸಲು ಮೈ ಮತ್ತು ಸ್ಪಷ್ಟ ಗೆರೆ ಕೊಡುತ್ತದೆ. ಇನ್ನೊಂದು ಗಾಢ ಬಣ್ಣ ಕೊಡುತ್ತದೆ, ಗೆರೆ ಇರುವುದಿಲ್ಲ. ಮೂರನೆಯದು ಇವೆರಡರ ನಡುವಿನದು: ಮೈ ಗಾಢ ಬಣ್ಣವೇ, ಆದರೆ ತೆಳುವಾದ ಗೆರೆ, ಪಟ್ಟೆ ಕಾಣಬಹುದು. ಗಾಢ ಬಣ್ಣದ ತಂದೆತಾಯಿಯ ಮರಿಗೆ ಪಟ್ಟೆ ಬರಲು ಈ ಮೂರನೆಯ ರೂಪ ಇದ್ದರೆ ಸಾಕು. ಕ್ವಾಗದ ಅಗತ್ಯ ಇಲ್ಲ.

ಈಗ ನಿಮ್ಮಲ್ಲಿ ವೈದ್ಯಕೀಯ ಓದಿದವರು ಒಂದು ಮಾತು ಎತ್ತಬಹುದು. ಮೊದಲ ಬಸಿರು ಮುಂದಿನದರ ಮೇಲೆ ಏನೂ ಪರಿಣಾಮ ಮಾಡುವುದೇ ಇಲ್ಲವೇ? ಮಾಡುತ್ತದೆ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮೊದಲ ಮಗುವಿನದು ಪಾಸಿಟಿವ್ ಇದ್ದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತಕಣ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ ಅದಕ್ಕೆ ಅಪಾಯ. ಅದಕ್ಕೇ ಆಸ್ಪತ್ರೆಯಲ್ಲಿ ಆಂಟಿ-ಡಿ ಇಂಜೆಕ್ಷನ್ ಕೊಡುವುದು. ಅಷ್ಟೇ ಅಲ್ಲ, ಹೊಟ್ಟೆಯಲ್ಲಿದ್ದ ಮಗುವಿನ ಕೆಲವು ಜೀವಕೋಶಗಳು ತಾಯಿಯ ಮೈಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಗಂಡುಮಗು ಹೆತ್ತು 27 ವರ್ಷ ಆದ ತಾಯಿಯ ರಕ್ತದಲ್ಲೂ ಅವು ಸಿಕ್ಕಿದ್ದನ್ನು 1996ರಲ್ಲಿ ವರದಿ ಮಾಡಿದರು. ಇವೆರಡೂ ನಿಜ. ಆದರೆ ಪ್ರತಿಕಾಯ ಇರುವುದು ತಾಯಿಯ ರಕ್ತದಲ್ಲಿ. ಉಳಿದ ಜೀವಕೋಶ ಇರುವುದು ತಾಯಿಯ ಮೈಯಲ್ಲಿ. ಅವು ಅಂಡದೊಳಗಿನ ಜೀನುಗಳನ್ನು ಬದಲಾಯಿಸುವುದಿಲ್ಲ. ಮುಂದಿನ ಮಗುವಿನ ಬಣ್ಣ, ಮುಖ, ಎತ್ತರಕ್ಕೆ ಹಳೆಯ ತಂದೆಯ ಜೀನ್ ಬಂದು ಸೇರುವ ದಾರಿ ಅಲ್ಲಿಲ್ಲ.

2014ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಸುದ್ದಿ ಬಂತು. ಒಂದು ಜಾತಿಯ ನೊಣದಲ್ಲಿ, ಮರಿಗಳ ಗಾತ್ರ ಅವುಗಳ ಅಪ್ಪನಿಗಿಂತ ತಾಯಿ ಮೊದಲು ಕೂಡಿದ್ದ ಗಂಡು ಏನು ತಿಂದು ಬೆಳೆದಿತ್ತು ಎಂಬುದನ್ನು ಅವಲಂಬಿಸಿತ್ತು. 'ಟೆಲಿಗೊನಿ ವಾಪಸ್ ಬಂತು' ಎಂದು ಪತ್ರಿಕೆಗಳು ಬರೆದವು. ಪ್ರಯೋಗ ಒಳ್ಳೆಯದೇ. ಮೊದಲ ಗಂಡಿನ ವೀರ್ಯದ ದ್ರವದಲ್ಲಿರುವ ಏನೋ ಬಲಿಯದ ಅಂಡಗಳ ಬೆಳವಣಿಗೆಯ ಮೇಲೆ ಪರಿಣಾಮ ಮಾಡುತ್ತದೆ ಎಂಬುದು ಆ ಸಂಶೋಧಕರ ವಿವರಣೆ. ಪೋಷಣೆಯ ಮಟ್ಟದ ಪರಿಣಾಮ ಅದು, ಗಾತ್ರಕ್ಕೆ ಸಂಬಂಧಿಸಿದ್ದು. ಮರಿಗಳಿಗೆ ಅಪ್ಪನ ಕಡೆಯಿಂದ ಬಂದ ಜೀನ್ ಎಲ್ಲ ಎರಡನೇ ಗಂಡಿನವೇ. ಆ ನೊಣವನ್ನು ತೋರಿಸಿ ನಾಯಿಯ ಬಗ್ಗೆಯೋ ಮನುಷ್ಯರ ಬಗ್ಗೆಯೋ ತೀರ್ಪು ಕೊಡಲು ಆಗುವುದಿಲ್ಲ.

ನಾಯಿ ಸಾಕುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೇವೆ ಎನ್ನುತ್ತೀರಿ. ನೀವು ಕಂಡದ್ದು ನಿಜವೇ ಇರಬಹುದು. ಬೆದೆಗೆ ಬಂದ ಹೆಣ್ಣು ನಾಯಿ ಅದೇ ಬೆದೆಯಲ್ಲಿ ಎರಡು ಗಂಡುಗಳಿಗೆ ಕೂಡಿದರೆ, ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟುತ್ತವೆ. ನೀವು ಕೂಡಿಸಿದ ತಳಿಯ ಗಂಡಿನ ಮರಿಗಳ ಜೊತೆಗೇ ಬೇಲಿ ಹಾರಿ ಬಂದವನ ಮರಿಗಳೂ ಇರುತ್ತವೆ. ಅದು ಹಳೆಯ ಗುರುತಲ್ಲ, ಆ ಸಲದ್ದೇ ಬಸಿರು. ಹಿಂದಿನ ವರ್ಷ ಬೀದಿನಾಯಿಗೆ ಕೂಡಿತ್ತು ಎಂಬ ಕಾರಣಕ್ಕೆ ಒಳ್ಳೆಯ ನಾಯಿಯನ್ನು ಬಿಟ್ಟುಬಿಡಬೇಡಿ, ಅದರ ಮುಂದಿನ ಮರಿಗಳಿಗೆ ಏನೂ ಆಗುವುದಿಲ್ಲ. ಶುದ್ಧ ತಳಿಯೇ ಬೇಕೆಂದರೆ ಬೆದೆಯ ಸುಮಾರು ಮೂರು ವಾರ ಪೂರ್ತಿ, ನೀವು ಕೂಡಿಸಿದ ಮೇಲೂ, ಅದನ್ನು ಬೇರೆ ಗಂಡುಗಳ ಹತ್ತಿರ ಬಿಡದೆ ಒಳಗೆ ಇಟ್ಟುಕೊಳ್ಳಿ.